ಅತಿಯಾಗಿ ತಿನ್ನದವರ ತೂಕವೂ ಏರುವುದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ಓದುಗ

ಎಲ್ಲರಿಗೂ ನಮಸ್ಕಾರ. ನನಗೀಗ ನಲವತ್ತೆರಡು ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಮದುವೆಯಾದ ಹೊಸದರಲ್ಲಿ 66 ಕಿಲೋ ಇದ್ದ ನನ್ನ ತೂಕ, ಹತ್ತು-ಹನ್ನೊಂದು ವರ್ಷಗಳಲ್ಲಿ 77 ಕಿಲೋಗೆ ಬಂದು ನಿಂತಿದೆ. ಎತ್ತರ ಐದಡಿ ಆರಂಗುಲ. ಇಂಥ ವರ್ಷವೇ ದಪ್ಪಗಾದೆ ಎಂದು ಹೇಳುವಂತಿಲ್ಲ. ಪ್ಯಾಂಟುಗಳು ಒಂದೊಂದಾಗಿ ಬಿಗಿಯಾದವು, ಹೊಸವನ್ನು ಹೊಲಿಸಿಕೊಂಡೆ, ಅಷ್ಟೆ.

ನನ್ನ ಗೊಂದಲ ಇದು. ನಾನು ಯಾವ ದಿನವೂ ಮಿತಿಮೀರಿ ತಿಂದವನಲ್ಲ. ಮದ್ಯಪಾನವಿಲ್ಲ, ಮಾಂಸಾಹಾರವಿಲ್ಲ, ಹೋಟೆಲಿನ ಊಟ ತಿಂಗಳಿಗೊಮ್ಮೆ ಆದರೆ ಹೆಚ್ಚು. ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ ದೋಸೆಯೋ, ಮಧ್ಯಾಹ್ನ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಪಲ್ಯ, ಸ್ವಲ್ಪ ಅನ್ನ, ರಾತ್ರಿ ಎರಡು ಚಪಾತಿ, ಅನ್ನ, ಸಾರು, ಮಜ್ಜಿಗೆ. ನವಲಗುಂದದ ಹತ್ತಿರದ ನಮ್ಮ ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿರುವ ಅಣ್ಣ ನನಗಿಂತ ಎರಡು ರೊಟ್ಟಿ ಹೆಚ್ಚೇ ಉಣ್ಣುತ್ತಾನೆ, ಆದರೂ ಅವನ ಹೊಟ್ಟೆ ಬೆನ್ನಿಗೆ ಹತ್ತಿಕೊಂಡಂತಿದೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೇನೆ, ಸರಿಯಾಗಿದೆ. ರಕ್ತದ ಸಕ್ಕರೆ ಮಾತ್ರ ಗಡಿಯಲ್ಲಿದೆ ಎಂದರು. ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದು ಕೊನೆಯ ವರ್ಷಗಳಲ್ಲಿ ಬಹಳ ನರಳಿದರು. ಆದ್ದರಿಂದ ಇದು ನನಗೆ ಕೇವಲ ನೋಟದ ವಿಷಯವಾಗಿ ಉಳಿದಿಲ್ಲ.

"ಊಟ ಕಡಿಮೆ ಮಾಡಿ, ವಾಕಿಂಗ್ ಹೋಗಿ" ಎಂಬ ಸಲಹೆ ಸಿಕ್ಕಿದೆ. ಇಷ್ಟರಲ್ಲಿ ಯಾವುದನ್ನು ಕಡಿಮೆ ಮಾಡಬೇಕು ಎಂಬುದು ನಿಜವಾಗಿಯೂ ತಿಳಿಯುತ್ತಿಲ್ಲ. ಇದು ವಯಸ್ಸಿನ ಕಾರಣದಿಂದ ಎಲ್ಲರಿಗೂ ಆಗುವಂಥದ್ದೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಪಥ್ಯಾಹಾರ ತಜ್ಞೆ, ಮೈಸೂರು

ಸರ್, ನಿಮ್ಮ ಪ್ರಶ್ನೆಯನ್ನು ನಾನು ಕೆಲಸದಲ್ಲಿ ಹೆಚ್ಚುಕಡಿಮೆ ಪ್ರತಿದಿನ ಕೇಳುತ್ತೇನೆ. ಹಾಗೆ ಕೇಳುವವರಲ್ಲಿ ಬಹುಪಾಲು ಜನ ಸತ್ಯವನ್ನೇ ಹೇಳುತ್ತಿರುತ್ತಾರೆ. ಅವರು ಹೊಟ್ಟೆಬಾಕರಲ್ಲ. ದಪ್ಪಗಿರುವವರೆಲ್ಲ ಕದ್ದುಮುಚ್ಚಿ ತಿನ್ನುತ್ತಾರೆ ಎಂಬ ಊಹೆ ನಮ್ಮ ಸಮಾಜದಲ್ಲಿ ಆಳವಾಗಿ ಬೇರೂರಿದೆ, ಅದರಿಂದ ಎಷ್ಟೋ ಜನರ ಮನಸ್ಸು ನೊಂದಿದೆ. ಮೊದಲು ಆ ಭಾರವನ್ನು ಇಳಿಸಿಡಿ.

ಈಗ ಲೆಕ್ಕಕ್ಕೆ ಬರೋಣ. ಒಂದು ಕಿಲೋ ಕೊಬ್ಬಿನ ಶೇಖರಣೆಯಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ವರ್ಷಕ್ಕೆ ಒಂದು ಕಿಲೋದಂತೆ ನಿಮ್ಮ ತೂಕ ಏರಿದೆ ಎಂದುಕೊಂಡರೆ, ದಿನಕ್ಕೆ ಸರಾಸರಿ 21 ಕ್ಯಾಲೊರಿ ಮಾತ್ರ ದೇಹದಲ್ಲಿ ಉಳಿದಂತಾಯಿತು. ಅಂದರೆ ಒಂದು ಚಿಕ್ಕ ಚಮಚ ಸಕ್ಕರೆ. ಇದನ್ನು ಹಿಡಿದುಕೊಂಡು "ದಿನಕ್ಕೊಂದು ಚಮಚ ಸಕ್ಕರೆ ಬಿಟ್ಟರೆ ಹತ್ತು ಕಿಲೋ ಇಳಿಯುತ್ತದೆ" ಎಂದು ಬರೆಯುವವರಿದ್ದಾರೆ, ಅದು ಸರಿಯಲ್ಲ. ತೂಕ ಏರಿದಂತೆ ಆ ದೇಹವನ್ನು ನಡೆಸುವ ಖರ್ಚೂ ಏರುತ್ತದೆ, ಏರಿದ ಖರ್ಚನ್ನು ಸರಿದೂಗಿಸುವಷ್ಟು ಆಹಾರವೂ ನಮಗರಿವಿಲ್ಲದೆ ಏರಿರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಲೆಕ್ಕಹಾಕಿ ತೋರಿಸಿದರು: ದಿನದ ಆಹಾರದಲ್ಲಿ ಸುಮಾರು 24 ಕ್ಯಾಲೊರಿಯ ಬದಲಾವಣೆ ಶಾಶ್ವತವಾಗಿ ನಿಂತರೆ, ಕೊನೆಗೆ ತೂಕದಲ್ಲಿ ಒಂದು ಕಿಲೋ ವ್ಯತ್ಯಾಸವಾಗುತ್ತದೆ, ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಬಹುಪಾಲು ಮೂರು ವರ್ಷಗಳಲ್ಲಿ. ಈ ಲೆಕ್ಕದಂತೆ ನಿಮ್ಮ 11 ಕಿಲೋಗೆ ದಿನಕ್ಕೆ ಸುಮಾರು 260 ಕ್ಯಾಲೊರಿ. ಅಂದಿನ ನಿಮಗೂ ಇಂದಿನ ನಿಮಗೂ, ತಿನ್ನುವುದರಲ್ಲಿ ಮತ್ತು ಓಡಾಡುವುದರಲ್ಲಿ ಒಟ್ಟು ಸೇರಿ, ದಿನವೊಂದಕ್ಕೆ ಅಷ್ಟು ಅಂತರ ಬಿದ್ದಿದೆ. ಒಮ್ಮೆಲೇ ಬಿದ್ದುದಲ್ಲ, ವರ್ಷವರ್ಷವೂ ಕೂದಲೆಳೆಯಷ್ಟು ಬಿದ್ದದ್ದು.

ಆ 260 ಎಲ್ಲಿಂದ ಬರುತ್ತದೆ? ನೀವು ಬರೆದಿರುವ ಆಹಾರದ ವಿವರವನ್ನು ಮತ್ತೊಮ್ಮೆ ಓದಿ. ಅದರಲ್ಲಿ ಚಹಾ ಇಲ್ಲ. ಹುಬ್ಬಳ್ಳಿಯಲ್ಲಿದ್ದುಕೊಂಡು, ಬ್ಯಾಂಕಿನಲ್ಲಿ ಕೆಲಸ ಮಾಡಿಕೊಂಡು, ಚಹಾ ಕುಡಿಯದವರು ಅಪರೂಪ. ಸಂಜೆಯ ಚುರುಮುರಿಯೂ ಇಲ್ಲ, ಪಲ್ಯಕ್ಕೆ ಹಾಕಿದ ಎಣ್ಣೆಯೂ ಇಲ್ಲ, ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಪುಡಿಯೂ ಇಲ್ಲ. ನೀವು ಮುಚ್ಚಿಟ್ಟಿರಿ ಎಂದು ನಾನು ಹೇಳುತ್ತಿಲ್ಲ. ಊಟ ಎಂದರೆ ತಟ್ಟೆಯಲ್ಲಿ ಬಡಿಸಿದ್ದು ಎಂದೇ ನಾವೆಲ್ಲ ಎಣಿಸುತ್ತೇವೆ. 1992ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯದು ಎನ್ನುತ್ತಿದ್ದ ಕೆಲವರು ತಾವು ತಿಂದುದನ್ನು ಬರೆದಿಟ್ಟರು. ದೇಹ ನಿಜವಾಗಿ ಬಳಸಿದ ಶಕ್ತಿಯನ್ನು ಅಳೆದು ನೋಡಿದಾಗ, ಬರೆದಿಟ್ಟದ್ದು ವಾಸ್ತವಕ್ಕಿಂತ ಸರಾಸರಿ ಶೇಕಡ 47ರಷ್ಟು ಕಡಿಮೆಯಿತ್ತು. ಅವರ ದೇಹದ ಚಯಾಪಚಯದಲ್ಲಿ, ಅಂದರೆ ಆಹಾರವನ್ನು ಶಕ್ತಿಯಾಗಿ ಬಳಸುವ ಕ್ರಿಯೆಯಲ್ಲಿ, ಯಾವ ದೋಷವೂ ಇರಲಿಲ್ಲ.

ಆದ್ದರಿಂದ ತಿಂದದ್ದನ್ನು ನೆನಪಿನಿಂದ ಬರೆಯಬೇಡಿ, ಮನೆಗೆ ತಂದದ್ದನ್ನು ಲೆಕ್ಕ ಹಾಕಿ. ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ, ಎಷ್ಟು ಸಕ್ಕರೆ, ಎಷ್ಟು ತುಪ್ಪ, ಎಷ್ಟು ಜನ ಉಣ್ಣುವವರು? ಕಿರಾಣಿ ಅಂಗಡಿಯ ಚೀಟಿ ಯಾರ ನೆನಪಿಗಿಂತಲೂ ನಂಬಿಕಸ್ಥ. ಅದನ್ನು ಇಲ್ಲಿ ಬರೆದರೆ ಮುಂದಿನದನ್ನು ಹೇಳುತ್ತೇನೆ.

ಉತ್ತರ: ನಿವೃತ್ತ ಶರೀರಕ್ರಿಯಾಶಾಸ್ತ್ರ ಉಪನ್ಯಾಸಕ, ದಾವಣಗೆರೆ

ಅಣ್ಣನವರ ವಿಷಯವನ್ನು ನೀವು ಎತ್ತಿದ್ದರಿಂದ ಬರೆಯಬೇಕೆನಿಸಿತು. ನಿಮ್ಮ ಪ್ರಶ್ನೆಗೆ ಬಹಳ ಹತ್ತಿರವಾದ ಅಧ್ಯಯನವೊಂದು ನಮ್ಮ ದೇಶದಲ್ಲಿಯೇ, ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರಲ್ಲಿ ನಡೆದಿತ್ತು. ಜೀನ್ ಮೇಯರ್ ಎಂಬ ಪೋಷಣ ವಿಜ್ಞಾನಿ ಭಾರತೀಯ ಸಹೋದ್ಯೋಗಿಗಳೊಡನೆ ಅಲ್ಲಿನ 213 ಗಂಡಸರ ಆಹಾರ, ತೂಕ ಮತ್ತು ದುಡಿಮೆಯನ್ನು ಹೋಲಿಸಿ 1956ರಲ್ಲಿ ಪ್ರಕಟಿಸಿದರು. ಭಾರ ಹೊರುವವರಿಂದ ಹಿಡಿದು ಗುಮಾಸ್ತರು, ಅಂಗಡಿಯಲ್ಲಿ ದಿನವಿಡೀ ಕುಳಿತಿರುವವರವರೆಗೆ ಎಲ್ಲ ಬಗೆಯವರೂ ಅದರಲ್ಲಿದ್ದರು. ದುಡಿಮೆ ಹೆಚ್ಚಾದಂತೆ ಊಟ ಹೆಚ್ಚಾಗುವುದು ಸಹಜ, ಅದು ಹಾಗೆಯೇ ಕಂಡಿತು. ಆದರೆ ದುಡಿಮೆ ಒಂದು ಮಟ್ಟಕ್ಕಿಂತ ಕೆಳಗಿಳಿದವರಲ್ಲಿ ಊಟ ಅದಕ್ಕೆ ತಕ್ಕಂತೆ ಕಡಿಮೆಯಾಗಲಿಲ್ಲ. ಕುಳಿತು ಕೆಲಸ ಮಾಡುವವರು ಮೈಮುರಿದು ದುಡಿಯುವವರಷ್ಟೇ ಉಣ್ಣುತ್ತಿದ್ದರು, ತೂಕದಲ್ಲಿ ಅವರಿಗಿಂತ ಬಹಳ ಮುಂದಿದ್ದರು.

ಇದರ ಅರ್ಥ ಗಂಭೀರವಾದದ್ದು. ಸಾಕಷ್ಟು ಓಡಾಡುವವನ ಹಸಿವು ಅವನ ಅಗತ್ಯವನ್ನು ಬಲ್ಲದು, ಕುಳಿತೇ ಇರುವವನ ಹಸಿವು ಅದನ್ನು ಸರಿಯಾಗಿ ಅಳೆಯಲಾರದು. ನಿಮ್ಮ ಅಣ್ಣನವರು ಯಾವ ಲೆಕ್ಕವನ್ನೂ ಇಡದೆ ತೆಳ್ಳಗಿದ್ದಾರೆ, ಏಕೆಂದರೆ ಅವರ ಹಸಿವೇ ಲೆಕ್ಕ ಇಡುತ್ತಿದೆ. ನೀವು ಅದೇ ಮನೆಯ ಉಣ್ಣುವ ಅಭ್ಯಾಸವನ್ನು, ಅದೇ ತಟ್ಟೆಯ ಅಳತೆಯನ್ನು ನಗರಕ್ಕೆ ತಂದಿರಿ. ಹೊಲ, ಹಗೇವು, ದನದ ಕೊಟ್ಟಿಗೆಗಳ ನಡುವಿನ ಓಡಾಟ ಮಾತ್ರ ಊರಿನಲ್ಲಿಯೇ ಉಳಿಯಿತು.

ಇನ್ನು ವಯಸ್ಸಿನ ಮಾತು. ಮೂವತ್ತು ದಾಟಿದ ಮೇಲೆ ದೇಹದ ಚಯಾಪಚಯ ನಿಧಾನವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ತರಗತಿಯಲ್ಲಿ ಅದನ್ನೇ ಕೇಳುತ್ತ ಬೆಳೆದವನು. 2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದಂತೆ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇಪ್ಪತ್ತರಿಂದ ಅರವತ್ತರವರೆಗೆ ಶಕ್ತಿಯ ಬಳಕೆ ಬಹುತೇಕ ಒಂದೇ ಮಟ್ಟದಲ್ಲಿರುತ್ತದೆ. ನಲವತ್ತರ ತೂಕಕ್ಕೆ ನಲವತ್ತನ್ನು ದೂರುವುದು ಸರಿಯಲ್ಲ. ಆ ವಯಸ್ಸಿನಲ್ಲಿ ನಮ್ಮ ದಿನಚರಿಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಬಡ್ತಿ ಸಿಕ್ಕಿ ಕೌಂಟರಿನಿಂದ ಒಳಗಿನ ಕುರ್ಚಿಗೆ ಹೋಗುತ್ತೇವೆ, ಸೈಕಲ್ಲು ಹೋಗಿ ಸ್ಕೂಟರ್ ಬರುತ್ತದೆ, ಕಡತ ಹಿಡಿದು ಮಹಡಿ ಹತ್ತುವುದನ್ನು ಗಣಕಯಂತ್ರ ತಪ್ಪಿಸುತ್ತದೆ, ದಿನಸಿ ಮನೆಬಾಗಿಲಿಗೆ ಬರುತ್ತದೆ.

ಇವೆಲ್ಲ ವ್ಯಾಯಾಮವೆಂದು ಯಾರೂ ಎಣಿಸದ ಚಲನೆಗಳು. ಆದರೆ ಇವುಗಳ ಪಾಲು ದೊಡ್ಡದು. ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 1999ರಲ್ಲಿ 16 ಜನರಿಗೆ ಎಂಟು ವಾರಗಳ ಕಾಲ ಅವರ ಅಗತ್ಯಕ್ಕಿಂತ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ಉಣಿಸಿದರು. ಒಬ್ಬರಿಗೆ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋಗಿಂತ ಹೆಚ್ಚು ಸೇರಿತು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವಾಗಿ ಕಂಡದ್ದು ಏಳುವುದು, ಕೂರುವುದು, ಅತ್ತಿತ್ತ ಹೋಗುವುದು, ಸುಮ್ಮನಿರದೆ ಮಿಸುಕಾಡುವುದು ಮುಂತಾದ ಚಿಕ್ಕ ಚಲನೆಗಳೇ. ಒಂದೇ ಮನೆಯ ಊಟ ಉಂಡ ಅಣ್ಣತಮ್ಮಂದಿರ ಮೈ ಬೇರೆಬೇರೆಯಾಗುವುದಕ್ಕೆ ಇದೂ ಒಂದು ಕಾರಣ. ಅದರಲ್ಲಿ ಹುಟ್ಟಿನಿಂದ ಬಂದ ಸ್ವಭಾವದ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೇಡಂ ಕೇಳಿದ ವಿವರ ಇಲ್ಲಿದೆ. ನಾವು ನಾಲ್ವರು: ನಾನು, ಹೆಂಡತಿ, ತಾಯಿ, ಒಂಬತ್ತು ವರ್ಷದ ಮಗಳು. ತಿಂಗಳಿಗೆ ಐದು ಲೀಟರಿನ ಒಂದು ಕ್ಯಾನ್ ಎಣ್ಣೆ ಮುಗಿಯುತ್ತದೆ, ಹಬ್ಬವಿದ್ದರೆ ಸಾಲದು. ತುಪ್ಪ ಬೇರೆ. ಚಹಾ ದಿನಕ್ಕೆ ಐದು: ಎದ್ದೊಡನೆ ಒಂದು, ತಿಂಡಿಯ ಜೊತೆ ಒಂದು, ಬ್ಯಾಂಕಿನಲ್ಲಿ ಹನ್ನೊಂದಕ್ಕೂ ನಾಲ್ಕಕ್ಕೂ, ಮನೆಗೆ ಬಂದ ಮೇಲೆ ಒಂದು. ಮನೆಯಲ್ಲಿ ಎರಡು ಚಮಚ ಸಕ್ಕರೆ, ಹೊರಗಿನದು ಅದಕ್ಕಿಂತ ಸಿಹಿ. ಸಂಜೆ ಚುರುಮುರಿಯೋ ಗಿರಮಿಟ್ಟೋ ಇರುತ್ತದೆ, ಶನಿವಾರ ಅದರೊಡನೆ ಮಿರ್ಚಿ. ರಾತ್ರಿ ಟಿವಿ ನೋಡುತ್ತ ಒಂದು ಹಿಡಿ ಹುರಿದ ಶೇಂಗಾ. ಬರೆಯುತ್ತ ಹೋದಂತೆ ನಾನು ಇದನ್ನು ಊಟದ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ ಎಂಬುದು ಸ್ಪಷ್ಟವಾಯಿತು.

ಉತ್ತರ: ಪಥ್ಯಾಹಾರ ತಜ್ಞೆ, ಮೈಸೂರು

ಇಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೆ ಧನ್ಯವಾದಗಳು. ಐದು ಲೀಟರ್ ಎಣ್ಣೆ ಎಂದರೆ ಸುಮಾರು ನಾಲ್ಕೂವರೆ ಕಿಲೋ. ನಾಲ್ವರಿಗೆ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ. ಮಗು ಮತ್ತು ವೃದ್ಧ ತಾಯಿ ಕಡಿಮೆ ಉಣ್ಣುವುದರಿಂದ ನಿಮ್ಮ ಪಾಲು ಇದಕ್ಕಿಂತ ಹೆಚ್ಚೇ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ಮಾದರಿ ಊಟವಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಎಣ್ಣೆ-ತುಪ್ಪ ಎಲ್ಲ ಸೇರಿ 27 ಗ್ರಾಂ. ಎಣ್ಣೆಯ ಪ್ರತಿ ಗ್ರಾಮಿನಲ್ಲಿ 9 ಕ್ಯಾಲೊರಿ. ಅದು ಯಾವ ಎಣ್ಣೆಯಾದರೂ ಅಷ್ಟೇ. ಗಾಣದ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಹಸುವಿನ ತುಪ್ಪ ಎಂದು ಈ ವಿಷಯದಲ್ಲಿ ಭೇದವಿಲ್ಲ. ಗಾಣದ ಎಣ್ಣೆಯೆಂಬ ಸಮಾಧಾನದಲ್ಲಿ ಎರಡು ಚಮಚ ಹೆಚ್ಚು ಹಾಕುವ ಮನೆಗಳನ್ನು ನಾನು ಬಲ್ಲೆ.

ಸಕ್ಕರೆಗೆ ಬನ್ನಿ. ತಲೆತಟ್ಟಿ ಅಳೆದ ಒಂದು ಚಹಾ ಚಮಚದಲ್ಲಿ ಸುಮಾರು 5 ಗ್ರಾಂ, ಗುಡ್ಡೆಯಾಗಿ ತುಂಬಿದರೆ ಅದಕ್ಕಿಂತ ಎಷ್ಟೋ ಹೆಚ್ಚು. ಐದು ಲೋಟಕ್ಕೆ ಎರಡೆರಡು ಚಮಚವೆಂದರೆ ಕಡಿಮೆಯೆಂದರೂ 50 ಗ್ರಾಂ. ಅದೇ ಮಾರ್ಗಸೂಚಿ ದಿನಕ್ಕೆ 25 ಗ್ರಾಂ ಮೀರಬಾರದು ಎನ್ನುತ್ತದೆ. ಸಿಹಿತಿಂಡಿ ಮುಟ್ಟದೆಯೇ ನೀವು ಅದರ ಎರಡರಷ್ಟನ್ನು ಕುಡಿಯುತ್ತಿದ್ದೀರಿ. ಕುಡಿದ ಸಕ್ಕರೆಯ ಇನ್ನೊಂದು ತೊಂದರೆ, ಅದು ಹೊಟ್ಟೆ ತುಂಬಿಸುವುದಿಲ್ಲ, ಮುಂದಿನ ಊಟವನ್ನು ಅಷ್ಟಾಗಿ ಕಡಿಮೆ ಮಾಡುವುದಿಲ್ಲ.

ಈಗ ಆ 260ಕ್ಕೆ ಮರಳಿ. ಪ್ರತಿ ಲೋಟದಿಂದ ಒಂದು ಚಮಚ ಸಕ್ಕರೆ ತೆಗೆದರೆ 100. ದಿನದ ಎಣ್ಣೆಯನ್ನು 38 ಗ್ರಾಮಿನಿಂದ 28ಕ್ಕೆ ತಂದರೆ 90. ದಿನಕ್ಕೆ ಒಂದೂವರೆ-ಎರಡು ಕಿಲೋಮೀಟರ್ ಹೆಚ್ಚು ನಡೆದರೆ ಸುಮಾರು 70. ರೊಟ್ಟಿಯನ್ನೂ ಅನ್ನವನ್ನೂ ಇನ್ನೂ ಮುಟ್ಟಿಯೇ ಇಲ್ಲ ಎಂಬುದನ್ನು ಗಮನಿಸಿ. ಶೇಂಗಾ ಒಳ್ಳೆಯ ಆಹಾರ, ಆದರೆ 30 ಗ್ರಾಮಿನಲ್ಲಿ 170ರಷ್ಟು ಕ್ಯಾಲೊರಿ ಇದೆ. ಅದನ್ನು ಟಿವಿಯ ಮುಂದಿನಿಂದ ಎತ್ತಿ ಸಂಜೆಯ ಚುರುಮುರಿಯ ಜಾಗಕ್ಕೆ ತನ್ನಿ, ಎರಡೂ ಬೇಡ.

ಒಂದು ತಿಂಗಳಲ್ಲಿ ಫಲ ನೋಡಬೇಡಿ. ಮೇಲಿನ ಲೆಕ್ಕವೇ ಹೇಳುವಂತೆ ಅರ್ಧದಷ್ಟು ಕೆಲಸಕ್ಕೇ ಒಂದು ವರ್ಷ ಬೇಕು.

ಉತ್ತರ: ಗೃಹಿಣಿ, ತುಮಕೂರು

ಇಷ್ಟು ಹೊತ್ತು ಎಣ್ಣೆಯ ಮಾತಾಯಿತು, ಎಣ್ಣೆ ಹಾಕುವ ಕೈಯ ಮಾತು ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು ನೋಡಿದವರಿಗೆ ತಿಳಿಯುವ ಕೆಲವು ವಿಷಯಗಳನ್ನು ಹೇಳುತ್ತೇನೆ. ನಮ್ಮ ಒಂದು ಸಾಮಾನ್ಯ ಊಟದಲ್ಲಿ ಎಷ್ಟು ಒಗ್ಗರಣೆಗಳಿರುತ್ತವೆ ಎಂದು ಎಣಿಸಿ ನೋಡಿ. ಪಲ್ಯಕ್ಕೊಂದು, ಸಾರಿಗೊಂದು, ಚಟ್ನಿಗೊಂದು, ಮಜ್ಜಿಗೆಗೋ ಕೋಸಂಬರಿಗೋ ಇನ್ನೊಂದು. ಪ್ರತಿಯೊಂದಕ್ಕೂ ಸಾಸಿವೆ ಸಿಡಿಯುವಷ್ಟು ಎಣ್ಣೆ ಬೇಕೆಂದು ಡಬ್ಬಿಯಿಂದ ನೇರವಾಗಿ ಸುರಿಯುತ್ತೇವೆ. ಸಾಸಿವೆ ಸಿಡಿಯಲು ಬೇಕಾದದ್ದು ಕಾವು, ಎಣ್ಣೆ ಒಂದು ಚಮಚವಿದ್ದರೂ ಸಾಕು. ಚಿಕ್ಕ ಒಗ್ಗರಣೆ ಸೌಟನ್ನು ಸ್ವಲ್ಪ ವಾಲಿಸಿ ಹಿಡಿದರೆ ಎಣ್ಣೆ ಒಂದು ಕಡೆ ನಿಂತು ಅಷ್ಟರಲ್ಲಿಯೇ ಸಾಸಿವೆ, ಕರಿಬೇವು, ಇಂಗು ಎಲ್ಲ ಆಗುತ್ತದೆ. ಒಂದೇ ಒಗ್ಗರಣೆಯನ್ನು ಮಾಡಿ ಎರಡಕ್ಕೆ ಹಂಚುವುದೂ ಸಾಧ್ಯ. ಡಬ್ಬಿಯನ್ನು ಒಲೆಯ ಪಕ್ಕದಿಂದ ತೆಗೆದು, ದಿನಕ್ಕೆ ಬೇಕಾದಷ್ಟನ್ನು ಬೆಳಿಗ್ಗೆಯೇ ಒಂದು ಬಟ್ಟಲಿಗೆ ಅಳೆದಿಟ್ಟುಕೊಂಡರೆ ರುಚಿಗೆ ಏನೂ ಕೊರತೆಯಾಗದು. ನಾಲ್ಕು ಜನರಿಗೆ ನೂರು ಗ್ರಾಂ ಆಸುಪಾಸು ಎಂದು ಮೇಡಂ ಅವರ ಲೆಕ್ಕದಿಂದ ನಾನು ತಿಳಿದುಕೊಂಡೆ.

ಎರಡನೆಯದಾಗಿ, ಹೆಂಗಸರ ತೂಕ. ಮಕ್ಕಳ ತಟ್ಟೆಯಲ್ಲಿ ಉಳಿದ ಅರ್ಧ ದೋಸೆ, ಡಬ್ಬಿಯಲ್ಲಿ ವಾಪಸ್ಸು ಬಂದ ಚಿತ್ರಾನ್ನ, ರಾತ್ರಿ ಪಾತ್ರೆಯ ತಳದಲ್ಲಿ ಉಳಿದ ಒಂದು ಸೌಟು ಅನ್ನ, ಇವೆಲ್ಲ ಯಾರ ಹೊಟ್ಟೆಗೆ ಹೋಗುತ್ತವೆ? ಅನ್ನವನ್ನು ಚೆಲ್ಲಬಾರದೆಂದು ಕಲಿಸಿ ಬೆಳೆಸಿದ್ದಾರೆ, ಅದು ಒಳ್ಳೆಯ ಸಂಸ್ಕಾರವೇ. ಆದರೆ ಆ ಸಂಸ್ಕಾರದ ಭಾರವನ್ನು ಮನೆಯಲ್ಲಿ ಒಬ್ಬಳೇ ಮೈಮೇಲೆ ಹೊರುವುದು ನ್ಯಾಯವಲ್ಲ. ಉಳಿದುದನ್ನು ಮರುದಿನಕ್ಕೆ ಎತ್ತಿಡಬಹುದು, ಅಕ್ಕಿಯನ್ನೇ ಒಂದು ಹಿಡಿ ಕಡಿಮೆ ಹಾಕಬಹುದು. ಎಲ್ಲರದೂ ಆದ ಮೇಲೆ ರಾತ್ರಿ ಹತ್ತು ಗಂಟೆಗೆ ಕೊನೆಯಲ್ಲಿ ಉಣ್ಣುವ ಪದ್ಧತಿಯೂ ಹೋಗಬೇಕು. ಅಷ್ಟು ಹೊತ್ತಿಗೆ ಹಸಿದು ದಣಿದವಳು ತನಗೆ ಎಷ್ಟು ಬೇಕೆಂದು ಅಳೆಯುವ ಸ್ಥಿತಿಯಲ್ಲಿರುವುದಿಲ್ಲ.

ಮೂರನೆಯದು ಬಡಿಸುವ ಉಪಚಾರ. "ಇನ್ನೊಂದು ಚೂರು ಹಾಕಿಸಿಕೊಳ್ಳಿ" ಎಂದು ಒತ್ತಾಯಿಸುವುದು ಮದುವೆಯ ಪಂಕ್ತಿಗೆ ಚೆಂದ. ಮನೆಯಲ್ಲಿ ಪ್ರತಿದಿನ ಗಂಡ ಮಕ್ಕಳಿಗೆ ಅದೇ ಉಪಚಾರ ಮಾಡಿದರೆ, ಅವರ ಹೊಟ್ಟೆ ಸಾಕೆಂದು ಹೇಳಿದ ಮೇಲೂ ತಟ್ಟೆ ತುಂಬುತ್ತಲೇ ಇರುತ್ತದೆ. ಸರ್, ನಿಮ್ಮ ಮನೆಯವರೊಡನೆ ಕುಳಿತು ಈ ಮಾತನ್ನು ಪ್ರೀತಿಯಿಂದ ಆಡಿ. ದಯವಿಟ್ಟು ತಪ್ಪು ಹೊರಿಸುವ ದನಿಯಲ್ಲಿ ಬೇಡ.

ಉತ್ತರ: ನ್ಯೂಜೆರ್ಸಿಯ ಕನ್ನಡಿಗ

ಹಬ್ಬಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 195 ಜನರ ತೂಕವನ್ನು ವರ್ಷವಿಡೀ ಗಮನಿಸಿ 2000ದಲ್ಲಿ ವರದಿ ಮಾಡಿದರು. ನವೆಂಬರ್ ಕೊನೆಯಿಂದ ಹೊಸ ವರ್ಷದವರೆಗಿನ ರಜೆಯ ದಿನಗಳಲ್ಲಿ ಸರಾಸರಿ ಏರಿದ ತೂಕ ಬರೀ 0.37 ಕಿಲೋ. ಜನ ತಾವೇ ಊಹಿಸಿಕೊಂಡದ್ದಕ್ಕಿಂತ ಅದು ಎಷ್ಟೋ ಕಡಿಮೆ. ಆದರೆ ಮುಂದಿನ ತಿಂಗಳುಗಳಲ್ಲಿ ಅದು ಇಳಿಯಲಿಲ್ಲ, ವರ್ಷವರ್ಷವೂ ಹೀಗೆ ಕೂಡುತ್ತ ಹೋಗಬಹುದು ಎಂದು ಅವರು ಎಣಿಸಿದರು. ನಮ್ಮಲ್ಲಿ ಗೌರಿ-ಗಣೇಶದಿಂದ ದೀಪಾವಳಿಯವರೆಗೆ ಸಾಲುಸಾಲು ಹಬ್ಬ. ಹೋಳಿಗೆ ತಿಂದ ದಿನದಿಂದ ಹಾನಿಯಿಲ್ಲ, ಹಬ್ಬಕ್ಕೆಂದು ಮಾಡಿದ ಚಕ್ಕುಲಿ, ಕೋಡುಬಳೆ, ರವೆ ಉಂಡೆಗಳ ಡಬ್ಬಿ ಮುಂದೆ ಎರಡು ವಾರ ಮೇಜಿನ ಮೇಲೆ ಕೈಗೆಟಕುವಂತೆ ಇರುವುದೇ ಚಿಂತೆಯ ವಿಷಯ.

ಇಲ್ಲಿ ನೆಲೆಸಿದ ನಮ್ಮವರಲ್ಲಿ ಇನ್ನೊಂದು ಕಾರಣ ಕಾಣುತ್ತದೆ, ಅದು ಈಗ ಬೆಂಗಳೂರಿಗೂ ಬಂದಿದೆ: ಪೊಟ್ಟಣದಲ್ಲಿ ಬರುವ ಸಿದ್ಧ ಆಹಾರ. 2019ರ ಒಂದು ಪ್ರಯೋಗದಲ್ಲಿ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಾದಾ ಆಹಾರವನ್ನೂ ಕೊಟ್ಟು, ಬೇಕಾದಷ್ಟು ತಿನ್ನಿರೆಂದರು. ಕೊಟ್ಟ ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲಿಯೂ ಸಮನಾಗಿತ್ತು. ಆದರೂ ಅತಿಸಂಸ್ಕರಿತ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ 500 ಕ್ಯಾಲೊರಿಯಷ್ಟು ಹೆಚ್ಚು ತಿಂದರು, ಎರಡು ವಾರಕ್ಕೆ 0.9 ಕಿಲೋ ಏರಿದರು. ಅವರಲ್ಲಿ ಯಾರೂ ದುರಾಸೆಯಿಂದ ತಿಂದವರಲ್ಲ. ಆ ಆಹಾರ ಮೆತ್ತಗಿತ್ತು, ಅವರು ಬೇಗಬೇಗ ತಿಂದರು.

ಉತ್ತರ: ವೈದ್ಯ, ಉಡುಪಿ

ಒಳ್ಳೆಯ ಚರ್ಚೆ. ವೈದ್ಯಕೀಯವಾಗಿ ಕೆಲವನ್ನು ಸ್ಪಷ್ಟಪಡಿಸಬೇಕು.

ನಿಮ್ಮ ಎತ್ತರಕ್ಕೆ 77 ಕಿಲೋ ಎಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ) 27ರ ಮೇಲಿದೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಅದು "ಅಧಿಕ ತೂಕ" ಮಾತ್ರ, ಬೊಜ್ಜು ಶುರುವಾಗುವುದು 30ಕ್ಕೆ. ಭಾರತೀಯರಿಗೆ ಆ ಗಡಿಯನ್ನು ಕೆಳಗಿಳಿಸಲಾಗಿದೆ. 2009ರ ತಜ್ಞರ ಒಮ್ಮತದಂತೆ ನಮ್ಮಲ್ಲಿ 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು. ಇದಕ್ಕೆ ಕಾರಣವನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ತಮ್ಮ ಮೈಯನ್ನೇ ಉದಾಹರಣೆಯಾಗಿಟ್ಟು ತೋರಿಸಿದ್ದರು. ಅವರದೂ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರದೂ ಒಂದೇ ಬಿಎಂಐ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕ್ ದೇಹದಲ್ಲಿ 21.2. ಆದ್ದರಿಂದ ತಕ್ಕಡಿಗಿಂತ ಟೇಪನ್ನು ನಂಬಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಟ್ಟನಡುವೆ, ಉಸಿರನ್ನು ಸಹಜವಾಗಿ ಬಿಟ್ಟ ಕ್ಷಣದಲ್ಲಿ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ನಿಮ್ಮ ರಕ್ತದ ಸಕ್ಕರೆಗೆ ಹೊಟ್ಟೆಯ ಸುತ್ತಿನ ಈ ಕೊಬ್ಬೇ ಹೆಚ್ಚು ಸಂಬಂಧಪಟ್ಟದ್ದು.

ನೀವು ಒಂಟಿಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿರುವ ವಯಸ್ಕರ ಪ್ರಮಾಣ 2015-16ರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆಯಿತ್ತು, 2019-21ರ ಹೊತ್ತಿಗೆ ಸುಮಾರು ಶೇಕಡ 30ಕ್ಕೆ ಬಂದಿತು. ನಾಲ್ಕೈದು ವರ್ಷಗಳಲ್ಲಿ ರಾಜ್ಯದ ಜನರ ಮನೋಬಲ ಕುಸಿಯಿತೆಂದು ಇದನ್ನು ವಿವರಿಸಲಾಗದು. ಬದಲಾದದ್ದು ಕೆಲಸ, ಓಡಾಟ, ಅಂಗಡಿ, ಅಡುಗೆ ಮತ್ತು ನಿದ್ದೆ.

ನಿದ್ದೆಯನ್ನು ಯಾರೂ ಹೇಳಲಿಲ್ಲ. ಷಿಕಾಗೋ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಮಂದಿ ಅಧಿಕ ತೂಕದವರಲ್ಲಿ ಅರ್ಧ ಜನರಿಗೆ ಬೇಗ ಮಲಗುವ ಸಲಹೆ ಕೊಟ್ಟರು. ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ನಿದ್ದೆ ಮಾಡಿದ ಅವರು, ಯಾವ ಪಥ್ಯವನ್ನೂ ಮಾಡದೆ, ಉಳಿದ ಗುಂಪಿಗೆ ಹೋಲಿಸಿದರೆ ದಿನಕ್ಕೆ 270 ಕ್ಯಾಲೊರಿ ಕಡಿಮೆ ತಿಂದರು. ರಾತ್ರಿಯ ಟಿವಿಯನ್ನು ಒಂದು ಗಂಟೆ ಮೊದಲೇ ಆರಿಸಿದರೆ ಶೇಂಗಾದ ಪ್ರಶ್ನೆಯೂ ಅದರೊಡನೆ ಹೋಗುತ್ತದೆ.

ಎಚ್ಚರಿಕೆಯ ಮಾತೊಂದಿದೆ. ಎಲ್ಲ ತೂಕವೂ ಅಭ್ಯಾಸದಿಂದಲೇ ಬಂದದ್ದಲ್ಲ. ಸ್ಟೀರಾಯ್ಡ್, ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಮಾನಸಿಕ ಕಾಯಿಲೆ ಹಾಗೂ ಮೂರ್ಛೆರೋಗದ ಕೆಲವು ಔಷಧಗಳು ತೂಕ ಏರಿಸುತ್ತವೆ. ಅಂಥವನ್ನು ತಾವಾಗಿಯೇ ನಿಲ್ಲಿಸಬಾರದು, ಕೊಟ್ಟ ವೈದ್ಯರನ್ನೇ ಕೇಳಬೇಕು. ಕೆಲವೇ ತಿಂಗಳಲ್ಲಿ ಬೇಗನೆ ತೂಕ ಏರಿದರೆ, ಮುಖ ಊದಿಕೊಂಡರೆ, ಕಾಲು ಬಾತರೆ, ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾದರೆ ಪರೀಕ್ಷೆ ಅಗತ್ಯ. ರಾತ್ರಿ ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರೂ ತೋರಿಸಿಕೊಳ್ಳಬೇಕು. ನಿಮ್ಮದು ಹತ್ತು ವರ್ಷಗಳ ನಿಧಾನವಾದ ಏರಿಕೆ, ಥೈರಾಯ್ಡ್ ಸರಿಯಿದೆ, ಹಾಗಾಗಿ ಮೇಲಿನವರು ಹೇಳಿದ ದಾರಿಯೇ ಸರಿ. ಮೂರು ತಿಂಗಳ ಬಳಿಕ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ತೂಕಕ್ಕಿಂತ ಮೊದಲು ಅದು ಸುಧಾರಿಸುವುದನ್ನು ನಾವು ಎಷ್ಟೋ ಜನರಲ್ಲಿ ನೋಡುತ್ತೇವೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಋಣಿಯಾಗಿದ್ದೇನೆ. ಹೆಂಡತಿಗೂ ಈ ಚರ್ಚೆಯನ್ನು ಓದಿ ಹೇಳಿದೆ. ತುಮಕೂರಿನ ಅಕ್ಕನವರು ಬರೆದ ಮಾತು ತನ್ನದೇ ಎಂದಳು. ಕೊನೆಯದಾಗಿ ಒಂದು ಸಂದೇಹ. ಒಂದೇ ಅಡುಗೆಯನ್ನು ಎಪ್ಪತ್ತೆರಡು ವರ್ಷದ ತಾಯಿಯೂ ಬೆಳೆಯುವ ಮಗಳೂ ಉಣ್ಣುತ್ತಾರೆ. ಎಣ್ಣೆ, ಸಕ್ಕರೆ ಕಡಿಮೆ ಮಾಡಿದರೆ ಅವರಿಗೆ ತೊಂದರೆಯಾಗುವುದೇ? ತಾಯಿ ಮೊದಲೇ ತೆಳ್ಳಗಿದ್ದಾರೆ.

ಉತ್ತರ: ಪಥ್ಯಾಹಾರ ತಜ್ಞೆ, ಮೈಸೂರು

ಒಳ್ಳೆಯ ಪ್ರಶ್ನೆ, ಬಹಳ ಮನೆಗಳಲ್ಲಿ ಇದನ್ನು ಮರೆಯುತ್ತಾರೆ. ಅಡುಗೆಯನ್ನು ಎಲ್ಲರಿಗೂ ಕಡಿಮೆ ಎಣ್ಣೆಯಲ್ಲಿಯೇ ಮಾಡಿ, ತಾಯಿಯವರ ತಟ್ಟೆಗೆ ಬಡಿಸಿದ ಮೇಲೆ ಒಂದು ಚಮಚ ತುಪ್ಪ ಬೇರೆಯಾಗಿ ಹಾಕಿ. ಅವರಿಗೆ ಊಟ ಕಡಿಮೆಯಾಗಬಾರದು. ಹಾಲು, ಗಟ್ಟಿ ಮೊಸರು, ಚೆನ್ನಾಗಿ ಬೆಂದ ಬೇಳೆ, ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ದಿನವೂ ಇರಲಿ, ಏಕೆಂದರೆ ಆ ವಯಸ್ಸಿನಲ್ಲಿ ಮಾಂಸಖಂಡ ಕರಗದಂತೆ ನೋಡಿಕೊಳ್ಳುವುದೇ ಮುಖ್ಯ. ಅವರ ತೂಕವನ್ನೂ ತಿಂಗಳಿಗೊಮ್ಮೆ ನೋಡಿ. ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಶೇಕಡ 5ರಷ್ಟು ಇಳಿದರೆ ವೈದ್ಯರಿಗೆ ತೋರಿಸಲೇಬೇಕು.

ಮಗಳಿಗೆ ಪಥ್ಯ ಬೇಡ, ಅವಳ ಮುಂದೆ ತೂಕದ ಮಾತೂ ಬೇಡ. ಚಹಾ ಕುಡಿಯುತ್ತಿದ್ದರೆ ಬಿಡಿಸಿ ಹಾಲು ಕೊಡಿ, ಶಾಲೆಯಿಂದ ಬಂದೊಡನೆ ಬಿಸ್ಕತ್ತಿನ ಬದಲು ಹಣ್ಣು ಅಥವಾ ಬೇಯಿಸಿದ ಶೇಂಗಾ ಕೊಡಿ. ಸಾಕೆಂದಾಗ ತಟ್ಟೆಯನ್ನು ಖಾಲಿ ಮಾಡಲೇಬೇಕೆಂದು ಒತ್ತಾಯಿಸದೆ, ಮೊದಲ ಸಲ ಬಡಿಸುವಾಗಲೇ ಸ್ವಲ್ಪ ಕಡಿಮೆ ಬಡಿಸಿ, ಬೇಕೆಂದರೆ ಅವಳೇ ಕೇಳಿ ಹಾಕಿಸಿಕೊಳ್ಳಲಿ.